ಹಾಲಮ್ಮನವರು ಪೆಟ್ಟಿಗೆಗೆ ಬಿಡುವು ಕೊಟ್ಟ ಆಯುಧಪೂಜೆ

ಧೂಪದ ಹೊಗೆಯೂ ಕಾದ ಸೀಸದ ವಾಸನೆಯೂ ಒಟ್ಟಿಗೆ ಮೂಗಿಗೆ ಬರುವುದು ವರ್ಷದಲ್ಲಿ ಒಂದೇ ದಿನ. ಈ ಸಲ ಆಯುಧಪೂಜೆಯ ಬೆಳಿಗ್ಗೆ ನೆಂಟರ ಮನೆಗೆಂದು ನ್ಯಾಮತಿಯಲ್ಲಿ ಬಸ್ಸಿಳಿದು ನಡೆದು ಹೋಗುತ್ತಿದ್ದೆ. ಒಂದು ಮೊಬೈಲ್ ರಿಪೇರಿ ಅಂಗಡಿಯಲ್ಲಿ ಸೋಲ್ಡರಿಂಗ್ ಐರನ್ನಿಗೆ, ಬಿಚ್ಚಿಟ್ಟ ಫೋನುಗಳಿಗೆ, ಕ್ಯಾಲ್ಕುಲೇಟರಿಗೆ ಕೂಡ ವಿಭೂತಿ ಕುಂಕುಮ ಹಚ್ಚಿ ಧೂಪ ಹಾಕುತ್ತಿದ್ದರು. ನಾನು ಅಲ್ಲೇ ನಿಂತುಬಿಟ್ಟೆ. ಅಂಗಡಿಯಾಕೆ ನನ್ನನ್ನು ಗಿರಾಕಿ ಅಂದುಕೊಂಡು, ಇವತ್ತು ರಿಪೇರಿ ಇಲ್ಲ, ನಾಳಿದ್ದು ಬನ್ನಿ ಎಂದು ಹೇಳಿ ಒಂದು ಮುಷ್ಟಿ ಮಂಡಕ್ಕಿ ಕೈಗೆ ಹಾಕಿದಳು. ಮಂಡಕ್ಕಿ ಬಾಯಿಗೆ ಹಾಕಿಕೊಳ್ಳುತ್ತಾ ನಿಂತವಳಿಗೆ ಹಾಲಮ್ಮನವರೂ ಅವರ ಜೊತೆ ಕಳೆದ ಒಂದು ಮಳೆಗಾಲವೂ ನೆನಪಾಗಿ ಕಣ್ಣು ತುಂಬಿ ಬಂತು.

ನ್ಯಾಮತಿ ಆಗಿನ್ನೂ ತಾಲ್ಲೂಕಾಗಿರಲಿಲ್ಲ. ಹೊನ್ನಾಳಿಗೆ ಸೇರಿತ್ತು, ಆ ಮಾತನ್ನು ನ್ಯಾಮತಿಯವರ ಎದುರಿಗೆ ಎತ್ತುವ ಹಾಗಿರಲಿಲ್ಲ. ನಮ್ಮ ಸೀಮೆಯ ಊರುಗಳಿಗೆ ಫೋನು, ಇಂಟರ್ನೆಟ್ಟು ಕೊಡುತ್ತಿದ್ದ ಒಂದು ಸಣ್ಣ ಕಂಪನಿ ಇತ್ತು. ಈಗ ಅದರ ಹೆಸರು ಹೇಳಿದರೂ ಯಾರಿಗೂ ಗುರುತು ಹತ್ತುವುದಿಲ್ಲ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ನಾಲ್ಕೂ ಕಡೆ ಅದರ ಎಕ್ಸ್‌ಚೇಂಜುಗಳಿದ್ದವು. ನಾಲ್ಕರಲ್ಲೂ ಕರೆಗಳನ್ನು ಅತ್ತಿಂದಿತ್ತ ಸಾಗಿಸುವ ಯಂತ್ರ ಹಳತಾಗಿತ್ತು. ಅದನ್ನು ಮಾಡಿದ ಪರದೇಶದ ಕಂಪನಿ ಅಂಗಡಿ ಮುಚ್ಚಿಕೊಂಡು ಹೋಗಿತ್ತು. ಯಂತ್ರವನ್ನು ನಡೆಸುವ ಆಪರೇಟಿಂಗ್ ಸಿಸ್ಟಂ ಅವರದೇ, ಅದರೊಳಗೆ ಏನು ಬರೆದಿದೆ ಎಂದು ಅವರಿಗೆ ಮಾತ್ರ ಗೊತ್ತು. ಬೀಗ ಹಾಕಿದ ಟ್ರಂಕು ನಮ್ಮ ಮನೆಯಲ್ಲಿತ್ತು, ಬೀಗದ ಕೈ ಇಟ್ಟುಕೊಂಡವರು ಎಲ್ಲಿದ್ದಾರೋ ತಿಳಿಯದು.

ದಾವಣಗೆರೆಯಲ್ಲಿ ನಾವು ನಾಲ್ಕೈದು ಮಂದಿ ಸೇರಿ ಅದರ ಜಾಗಕ್ಕೆ ಹೊಸ ಪೆಟ್ಟಿಗೆಯೊಂದನ್ನು ಮಾಡಿದ್ದೆವು. ಅದು ಓಡುತ್ತಿದ್ದುದು ಲಿನಕ್ಸ್ ಮೇಲೆ. ಲಿನಕ್ಸ್ ಅಂದರೆ ಯಾರೊಬ್ಬರ ಸೊತ್ತೂ ಅಲ್ಲದ ಆಪರೇಟಿಂಗ್ ಸಿಸ್ಟಂ. ಲೋಕದ ಯಾವ ಮೂಲೆಯವರು ಬೇಕಾದರೂ ಅದರ ಒಳಗನ್ನು ಓದಬಹುದು, ತಿದ್ದಬಹುದು, ತಿದ್ದಿದ್ದನ್ನು ಎಲ್ಲರಿಗೂ ಹಂಚಬಹುದು. ಕಂಪನಿಯ ಡಿವಿಜನ್ ಸಾಹೇಬರಿಗೆ ಇದರ ಮೇಲೆ ನಂಬಿಕೆ ಇರಲಿಲ್ಲ. ಪುಕ್ಕಟೆ ಸಿಕ್ಕರೆ ನನಗೂ ಇರಲಿ ನಮ್ಮಪ್ಪನಿಗೂ ಇರಲಿ ಅಂದಂತಾಯಿತು, ನಾಳೆ ಕೆಟ್ಟರೆ ಯಾರ ಕುತ್ತಿಗೆ ಪಟ್ಟಿ ಹಿಡಿಯಲಿ ಎನ್ನುತ್ತಿದ್ದರು. ಕೊನೆಗೆ ಒಂದು ಷರತ್ತಿಗೆ ಒಪ್ಪಿದರು. ಮುಂಗಾರಿನಿಂದ ದಸರಾ ಮುಗಿಯುವ ತನಕ ಪೆಟ್ಟಿಗೆಗಳು ಒಮ್ಮೆಯೂ ನಿಲ್ಲದೆ ನಡೆದರೆ ಉಳಿಯುತ್ತವೆ. ನಿಂತರೆ ಕಿತ್ತು ಹಾಕುತ್ತಾರೆ, ಮತ್ತು ನ್ಯಾಮತಿಯ ಎಕ್ಸ್‌ಚೇಂಜನ್ನೇ ಮುಚ್ಚಿ ಅದರ ಲೈನುಗಳನ್ನು ಹೊನ್ನಾಳಿಗೆ ಸೇರಿಸುತ್ತಾರೆ. ಯಾಕೆಂದರೆ ನ್ಯಾಮತಿಯ ಹಳೆಯ ಯಂತ್ರ ಸಾಯುವ ಹಂತಕ್ಕೆ ಬಂದಿತ್ತು; ಒಮ್ಮೆ ಬಿಚ್ಚಿದ ಮೇಲೆ ಮತ್ತೆ ಜೋಡಿಸುವ ಸ್ಥಿತಿಯಲ್ಲಿರಲಿಲ್ಲ.

ಆ ಎಕ್ಸ್‌ಚೇಂಜಿನ ಉಸ್ತುವಾರಿ ಹಾಲಮ್ಮನವರದು. ಬಸವಾಪಟ್ಟಣದ ಹೆಣ್ಣುಮಗಳು, ಡಿಪ್ಲೊಮಾ ಓದಿ, ನ್ಯಾಮತಿಯ ಬೀದಿಗಳಲ್ಲಿ ಕೇಬಲ್ಲಿಗೆ ಗುಂಡಿ ತೋಡುವ ಕಾಲದಿಂದ ಅಲ್ಲೇ ಇದ್ದವರು. ನಮ್ಮ ಪೆಟ್ಟಿಗೆಯನ್ನು ಮೊದಲು ತಮ್ಮಲ್ಲೇ ಇಡಿ ಎಂದು ಸಾಹೇಬರ ಹತ್ತಿರ ಹಟ ಹಿಡಿದು ಒಪ್ಪಿಸಿದವರೂ ಅವರೇ. ನಾನು ಬಂದ ದಿನವೇ ಮುಚ್ಚುಮರೆ ಇಲ್ಲದೆ ಹೇಳಿದರು: “ನೋಡ್ರಿ ಸುಜಾತಾ, ಇದು ಮುಚ್ಚಿದ್ರೆ ನನ್ನ ಕೆಲ್ಸ ಹೋಗಂಗಿಲ್ಲ. ಆದ್ರೆ ಹೊನ್ನಾಳಿಗೆ ಹೋಗಿ ಇನ್ನೊಬ್ರ ಟೇಬಲ್ ಮೂಲ್ಯಾಗೆ ಕುಂದ್ರಾಕೆ ನನ್ ಕೈಲಾಗಲ್ಲ.”

ನಾಲ್ಕು ಊರಿನ ಪೆಟ್ಟಿಗೆಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ, ವಾಸ ನ್ಯಾಮತಿಯಲ್ಲಿ. ಮೃಗಶಿರಾ ಮಳೆಗೆ ಬಂದೆ. ತಿಂಗಳು ತಾರೀಖು ಯಾವುದನ್ನೂ ಹಾಲಮ್ಮನವರು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಬ್ಯಾಟರಿಗೆ ನೀರು ಹಾಕಿದ್ದು ಪುನರ್ವಸುವಿನಲ್ಲಿ, ಜನರೇಟರಿಗೆ ಆಯಿಲ್ ಬದಲಿಸಿದ್ದು ಮಘೆಯಲ್ಲಿ, ಎಲ್ಲ ಮಳೆಯ ಹೆಸರಿನಿಂದಲೇ. ನಾನು ಜಗಳೂರಿನವಳು. ನಮ್ಮ ಕಡೆ ಮಳೆ ನೆಂಟರ ಹಾಗೆ ಬಂದು ಚಹಾ ಕುಡಿದು ಹೊರಡುತ್ತದೆ, ಹೆಸರು ಕೇಳುವಷ್ಟು ಪುರಸೊತ್ತು ಕೊಡುವುದಿಲ್ಲ. ಇಲ್ಲಿ ಒಂದೊಂದು ಮಳೆಗೂ ಒಂದೊಂದು ಗುಣ ಕಟ್ಟಿದ್ದನ್ನು ಕೇಳಿ ನಗು ಬರುತ್ತಿತ್ತು. ಶ್ರಾವಣ ಬರುವ ಹೊತ್ತಿಗೆ ನಾನೂ ಹಾಗೇ ಮಾತಾಡತೊಡಗಿದ್ದೆ.

ವಾರಕ್ಕೊಂದು ಸುತ್ತು ಬಸ್ಸಿನಲ್ಲಿ. ಚನ್ನಗಿರಿಯಲ್ಲಿ ಪೆಟ್ಟಿಗೆಗೆ ನನ್ನಿಂದ ಏನೂ ಬೇಕಿರಲಿಲ್ಲ, ಹೋಟೆಲಿನ ಮಿರ್ಚಿ ತಿಂದು ವಾಪಸು ಬರುತ್ತಿದ್ದೆ. ಜಗಳೂರಿನಲ್ಲಿ ಧೂಳು, ಫ್ಯಾನಿನ ಜಾಲರಿ ಒರೆಸಿ, ಅಮ್ಮನ ಕೈಯ ರೊಟ್ಟಿ ಕಟ್ಟಿಸಿಕೊಂಡು ಹೊರಡುವುದು. ಹೊನ್ನಾಳಿಗೆ ಹೋದರೆ ತುಂಗಭದ್ರೆ ಕೆಂಪಗೆ ತುಂಬಿ ಹರಿಯುತ್ತಿರುತ್ತಿತ್ತು. ಸೇತುವೆಯ ಮೇಲೆ ಬಸ್ಸು ಸಾಗುವಾಗ ಎಲ್ಲರೂ ಒಂದೇ ಕಡೆಯ ಕಿಟಕಿಗೆ ಬಾಗುತ್ತಿದ್ದರು. ಅಲ್ಲಿನ ಉಸ್ತುವಾರಿಯವರು, ನಿಮ್ಮ ನ್ಯಾಮತಿಯವರಿಗೆ ಕುರ್ಚಿ ಒರೆಸಿ ಇಟ್ಟಿದ್ದೇವೆ ಎಂದು ಛೇಡಿಸುತ್ತಿದ್ದರು. ಅದನ್ನು ನಾನು ಹಾಲಮ್ಮನವರಿಗೆ ತಪ್ಪದೆ ವರದಿ ಮಾಡುತ್ತಿದ್ದೆ. ಅವರು ಉರಿದುಕೊಂಡು ಒಂದು ದಿನ ಮಾತು ಬಿಡುತ್ತಿದ್ದರು.

ಆರಿದ್ರೆಯಲ್ಲಿ ಒಂದು ಮಧ್ಯಾಹ್ನ ಸಿಡಿಲು ಬಡಿಯಿತು. ಪೆಟ್ಟಿಗೆಯೊಳಗೆ ಒಂದೇ ಕೆಲಸ ಮಾಡುವ ಕಾರ್ಡುಗಳು ಎರಡಿರುತ್ತವೆ. ಒಂದು ದುಡಿಯುತ್ತದೆ, ಇನ್ನೊಂದು ಅದರ ಮೇಲೆ ಕಣ್ಣಿಟ್ಟು ಕಾಯುತ್ತದೆ. ಸಿಡಿಲಿಗೆ ಮೊದಲನೆಯದು ಕಕ್ಕಾಬಿಕ್ಕಿಯಾಗಿ ನಿಂತಿತು, ಎರಡನೆಯದು ತಕ್ಷಣ ಕೆಲಸ ವಹಿಸಿಕೊಂಡಿತು. ಆಗ ಮಾತಾಡುತ್ತಿದ್ದವರಿಗೆ ಏನಾಯಿತೆಂದು ಗೊತ್ತೂ ಆಗಲಿಲ್ಲ. ನಿಂತ ಕಾರ್ಡು ತನ್ನಷ್ಟಕ್ಕೆ ಸಾವರಿಸಿಕೊಂಡು ಎದ್ದಿತು. ನಾನು ಕುಣಿದಾಡಿಬಿಟ್ಟೆ, ಹಾಲಮ್ಮನವರಿಗೆ ಎಲ್ಲವನ್ನೂ ತೋರಿಸಿ ವಿವರಿಸಿದೆ. ಅವರು ತಲೆಯಾಡಿಸಿ, “ಜೋಡೆತ್ತು ಅನ್ರಿ. ಒಂದು ಕುಂಟಿದ್ರೆ ಇನ್ನೊಂದು ಎಳೀತೈತೆ,” ಎಂದರು.

ಮಳೆ ಹಿಡಿದ ಮಧ್ಯಾಹ್ನಗಳಲ್ಲಿ ನಾನು ಲಿನಕ್ಸಿನ ಒಳಗನ್ನು ಓದುತ್ತಾ ಕೂರುತ್ತಿದ್ದೆ. ಹಾಲಮ್ಮನವರು ಶೇಂಗಾ ಸುಲಿಯುತ್ತಾ ಪಕ್ಕದಲ್ಲಿ ಕೂತು, ಇಷ್ಟನ್ನೆಲ್ಲ ಸಂಬಳವಿಲ್ಲದೆ ಯಾರು ಬರೆಯುತ್ತಾರೆ, ಅವರಿಗೆ ಮನೆಮಠ ಇಲ್ಲವೇ ಎಂದು ಕೇಳುತ್ತಿದ್ದರು. ಕೆಲವರಿಗೆ ಸಂಬಳವೂ ಇದೆ, ಹಲವರಿಗೆ ಇಲ್ಲ, ಇವತ್ತು ಅವರು ಬರೆದದ್ದು ನಮಗೆ ಬರುತ್ತದೆ, ನಾಳೆ ನಾವು ತಿದ್ದಿದ್ದು ಅವರಿಗೆ ಹೋಗುತ್ತದೆ ಎಂದೆ. ಅವರಿಗೆ ಒಡನೆ ತಿಳಿಯಿತು. ಅದು ಮುಯ್ಯಾಳು ಎಂದರು. ಈ ಹೊತ್ತು ನಿಮ್ಮ ಹೊಲಕ್ಕೆ ನಾವು ಆಳಾಗಿ ಬರುವುದು, ನಾಳೆ ನಮ್ಮ ಹೊಲಕ್ಕೆ ನೀವು ಬರುವುದು. ನಾನು ಕಾಲೇಜಿನಲ್ಲಿ ಈ ವಿಷಯದ ಮೇಲೆ ಎಷ್ಟೋ ಪುಟ ಬರೆದಿದ್ದೆ, ಮುಯ್ಯಾಳು ಅನ್ನುವ ಮಾತು ಮಾತ್ರ ಹೊಳೆದಿರಲಿಲ್ಲ.

ಉತ್ತರೆ ಕಳೆಯಿತು, ಹಸ್ತ ಬಂತು. ಮೆಕ್ಕೆಜೋಳ ಕೊಯ್ಲಾಗಿ ರಸ್ತೆಯ ಅರ್ಧ ಭಾಗದಲ್ಲಿ ಕಾಳು ಒಣಹಾಕಿದ್ದರು, ಬಸ್ಸುಗಳು ಅದರ ಮೇಲೇ ಹೋಗುತ್ತಿದ್ದವು. ಪೆಟ್ಟಿಗೆ ಒಮ್ಮೆಯೂ ನಿಂತಿರಲಿಲ್ಲ. ಇನ್ನು ಗೆದ್ದಂತೆ ಎಂದು ನಾನು ಮನಸ್ಸಿನಲ್ಲೇ ಮಂಡಿಗೆ ತಿನ್ನುತ್ತಿದ್ದೆ. ಆಯುಧಪೂಜೆಯ ದಿನ ಹೊನ್ನಾಳಿಯವರು, ನಮ್ಮ ಪೆಟ್ಟಿಗೆಗೆ ನೀವೇ ಬಂದು ಕಾಯಿ ಒಡೆಯಬೇಕೆಂದು ಕರೆದರು. ಹಾಲಮ್ಮನವರು ಮುಖ ಊದಿಸಿಕೊಂಡರೂ ಹೋಗಿ ಬನ್ನಿ ಎಂದರು.

ಹೊನ್ನಾಳಿಯಲ್ಲಿ ಮಂಗಳಾರತಿ ಎತ್ತಿದ್ದಾರೆ, ನಾಲ್ಕೂ ಊರಿನ ಪೆಟ್ಟಿಗೆಗಳ ಸ್ಥಿತಿ ತೋರಿಸುವ ಕಂಪ್ಯೂಟರ್ ಪರದೆಯಲ್ಲಿ ನ್ಯಾಮತಿಯ ಗುರುತು ಕೆಂಪಾಯಿತು. ಫೋನ್ ಹಚ್ಚಿದರೆ ಹತ್ತುತ್ತಿಲ್ಲ. ಹತ್ತುವುದಾದರೂ ಹೇಗೆ, ಸತ್ತಿದ್ದು ಅದೇ ತಾನೆ. ಆರತಿ ತಟ್ಟೆ ಯಾರ ಕೈಗೋ ಕೊಟ್ಟು ಬಸ್ ಸ್ಟ್ಯಾಂಡಿಗೆ ಓಡಿದೆ. ಬಸ್ಸಿಗೆ ಬಾಳೆಕಂದು ಕಟ್ಟಿದ್ದರು, ಗಾಜಿನ ತುಂಬ ಚೆಂಡುಹೂವಿನ ಸರ. ಡ್ರೈವರು ಹೂವು ಉದುರಬಾರದೆಂದು ಮದುಮಗನ ಮೆರವಣಿಗೆಯ ಹಾಗೆ ಓಡಿಸಿದ. ಅವತ್ತು ಆ ದಾರಿಯನ್ನು ಶಪಿಸಿದಷ್ಟು ನಾನು ಇನ್ನಾವ ದಾರಿಯನ್ನೂ ಶಪಿಸಿಲ್ಲ.

ಎಕ್ಸ್‌ಚೇಂಜಿನ ಮುಂದೆ ಜನ ಸೇರಿದ್ದರು. ಹೆಚ್ಚಿನವರು ಮೆಕ್ಕೆಜೋಳದ ವ್ಯಾಪಾರಿಗಳು, ದಾವಣಗೆರೆಯ ದರ ತಿಳಿಯದೆ ಲಾರಿ ನಿಲ್ಲಿಸಿಕೊಂಡವರು. ಮೆಟ್ಟಿಲ ಮೇಲೆ ಒಬ್ಬ ಅಜ್ಜಿ ಸುಮ್ಮನೆ ಕೂತಿದ್ದಳು; ಶಿವಮೊಗ್ಗದ ಆಸ್ಪತ್ರೆಯಲ್ಲಿ ಅವಳ ಮಗಳಿಗೆ ಹೆರಿಗೆ ಇತ್ತು. ಬ್ಯಾಟರಿ, ಜನರೇಟರು ನೋಡಿಕೊಳ್ಳುತ್ತಿದ್ದ ಬಾಷಾ ಸಾಬರು ಎಲ್ಲರಿಗೂ ಮಂಡಕ್ಕಿ ಹಂಚುತ್ತಾ ಸಮಾಧಾನ ಹೇಳುತ್ತಿದ್ದರು. ಒಳಗೆ ಪೆಟ್ಟಿಗೆಗೆ ವಿಭೂತಿ ಬಳಿದು ಹೂವಿನ ಹಾರ ಹಾಕಿತ್ತು. ಎರಡೂ ಕಾರ್ಡಿನ ಮೇಲೆ ಹಸಿರು ದೀಪ ಉರಿಯುತ್ತಿತ್ತು. ಪೆಟ್ಟಿಗೆ ಮಾತ್ರ ಸತ್ತಿತ್ತು. ಅದರ ಮುಂದೆ ನೆಲದ ಮೇಲೆ ಹಾಲಮ್ಮನವರು ಕೂತಿದ್ದರು.

ನಡೆದದ್ದು ಇಷ್ಟು. ಅವರ ತವರಿನಲ್ಲಿ ಆಯುಧಪೂಜೆಯ ದಿನ ಯಾವ ಆಯುಧವೂ ದುಡಿಯಬಾರದು. ನೇಗಿಲಿಗೆ, ರಾಟೆಗೆ, ಹೊಲಿಗೆ ಯಂತ್ರಕ್ಕೆ ಅವತ್ತು ಬಿಡುವು. ಹಳೆಯ ಯಂತ್ರವನ್ನು ಆರಿಸುವ ಹಾಗೇ ಇರಲಿಲ್ಲವಾದ್ದರಿಂದ ಅಷ್ಟು ವರ್ಷವೂ ದುಡಿಯುತ್ತಿದ್ದ ಯಂತ್ರಕ್ಕೇ ಅಳುಕುತ್ತಾ ಪೂಜೆ ಮಾಡಿದ್ದರು. ಈ ಪೆಟ್ಟಿಗೆಯಲ್ಲಿ ಜೋಡೆತ್ತು ಇದೆಯೆಂದು ನಾನೇ ಹೇಳಿಕೊಟ್ಟಿದ್ದೆನಲ್ಲ. ಒಂದು ಕಾರ್ಡನ್ನು ಆರಿಸಿ ಪೂಜೆ ಮಾಡಿದರು, ಇನ್ನೊಂದು ನಡೆಸಿತು, ಯಾರಿಗೂ ತೊಂದರೆಯಾಗಲಿಲ್ಲ. ಮತ್ತೆ ಮೊದಲನೆಯದನ್ನು ಹಚ್ಚಿ, ಹಸಿರು ದೀಪ ಬಂದದ್ದನ್ನು ನೋಡಿಕೊಂಡೇ ಎರಡನೆಯದಕ್ಕೆ ಬಿಡುವು ಕೊಟ್ಟರು. ಊರಿನ ಫೋನೆಲ್ಲ ನಿಂತವು. ಗಾಬರಿಯಲ್ಲಿ ಎರಡನೆಯದನ್ನೂ ಹಚ್ಚಿದರು, ಅದೂ ಏಳಲಿಲ್ಲ.

ನನಗೆ ಸಿಟ್ಟು ನೆತ್ತಿಗೇರಿತು. ಒಂದು ಮಳೆಗಾಲದ ದುಡಿಮೆ ನೀರಲ್ಲಿ ಹೋಮವಾಯಿತಲ್ಲ ಎಂದು ಬಾಯಿಗೆ ಬಂದದ್ದು ಅನ್ನುವವಳಿದ್ದೆ. ಅವರು ತಲೆ ಎತ್ತದೆ, “ಒಂದೆತ್ತಿಗೆ ನೊಗ ಕಟ್ಟಿದ ಮ್ಯಾಲೇ ಇನ್ನೊಂದನ್ನ ಬಿಚ್ಚಿದ್ದೆ ಕಣವ್ವ. ದೀಪ ಬಂದಿತ್ತು,” ಎಂದರು. ಅಲ್ಲಿಯ ತನಕ ನನ್ನನ್ನು ಬಹುವಚನದಲ್ಲಿ ಕರೆಯುತ್ತಿದ್ದವರು ಅವತ್ತು ಮೊದಲ ಸಲ ಅವ್ವಾ ಅಂದಿದ್ದರು. ಬೈಯುವುದನ್ನು ಬಿಟ್ಟು ಅವರ ಪಕ್ಕದಲ್ಲೇ ನೆಲಕ್ಕೆ ಕೂತೆ.

ಲ್ಯಾಪ್‌ಟಾಪ್ ಜೋಡಿಸಿ ನೋಡಿದೆ. ಎರಡೂ ಕಾರ್ಡುಗಳು ಒಂದೇ ಜಾಗದಲ್ಲಿ ನಿಂತಿದ್ದವು. ಒಳಗಿನ ಗಡಿಯಾರವನ್ನು ನಡೆಸುವ ಗುಂಡಿ ಸೆಲ್ಲುಗಳು ಆ ಮಳೆಗಾಲದ ತೇವಕ್ಕೆ ಸತ್ತಿದ್ದವು. ಕರೆಂಟು ಇರುವ ತನಕ ಅದು ತಿಳಿಯುವಂತಿರಲಿಲ್ಲ. ಪೂರ್ತಿ ಆರಿಸಿ ಹಚ್ಚಿದಾಗ ಗಡಿಯಾರ ಎಷ್ಟೋ ದಶಕ ಹಿಂದಕ್ಕೆ ಹೋಗಿತ್ತು. ಏಳುವ ಮೊದಲು ಡಿಸ್ಕನ್ನು ಪರೀಕ್ಷೆ ಮಾಡುವ ಒಂದು ಪ್ರೋಗ್ರಾಂ ಇದೆ. ಅದು ನೋಡಿದರೆ, ಡಿಸ್ಕಿನ ಮೇಲೆ ಮುಂದೆಂದೋ ಬರಬೇಕಾದ ಕಾಲದ ಗುರುತು. ಇದರಲ್ಲಿ ಏನೋ ಮೋಸವಿದೆ, ಮುಂದೆ ಹೋಗಲೋ ಬೇಡವೋ ಎಂದು ಮನುಷ್ಯರನ್ನು ಕೇಳಿ ಉತ್ತರಕ್ಕೆ ಕಾಯುತ್ತಿತ್ತು. ಆ ಪ್ರಶ್ನೆ ತೋರಲು ಪೆಟ್ಟಿಗೆಗೆ ಪರದೆಯೇ ಇರಲಿಲ್ಲ. ಹಸಿರು ದೀಪವೋ, ಕರೆಂಟು ಬಂದಿದೆ ಎಂದಷ್ಟೇ ಹೇಳುವಂಥದು. ನಾನು ಹೋಗು ಎಂದು ಒಂದು ಕೀಲಿ ಒತ್ತಿದೆ. ಪೆಟ್ಟಿಗೆ ಎದ್ದಿತು. ಹೊರಗೆ ಗದ್ದಲ ಕರಗಿತು. ಅಜ್ಜಿಯನ್ನು ಒಳಗೆ ಕರೆದು ನಮ್ಮ ಫೋನಿನಿಂದಲೇ ಶಿವಮೊಗ್ಗಕ್ಕೆ ಹಚ್ಚಿ ಕೊಟ್ಟೆವು. ಹೆರಿಗೆ ಇನ್ನೂ ಆಗಿರಲಿಲ್ಲ, ಮಗಳೇ ಮಾತಾಡಿದಳು.

ಆಮೇಲೆ ಕೂತು ಯೋಚಿಸಿದೆ. ಪೂಜೆಗೆ ಆರಿಸದೆ ಇದ್ದಿದ್ದರೆ ನಾವು ಗೆದ್ದೆವೆಂದು ದಸರಾ ಮುಗಿಸುತ್ತಿದ್ದೆವು. ಮುಂದೆಂದೋ ಉಳಿದ ಊರುಗಳ ಸೆಲ್ಲೂ ಸತ್ತು, ಬಿರುಗಾಳಿಗೆ ಕರೆಂಟು ಹೋಗಿ, ಬ್ಯಾಟರಿ ಇಳಿದು, ಜನರೇಟರೂ ಕೈಕೊಟ್ಟ ಹೊತ್ತಿನಲ್ಲಿ ನಾಲ್ಕೂ ಊರಿನ ಪೆಟ್ಟಿಗೆಗಳು ಹಸಿರು ದೀಪ ಹಚ್ಚಿಕೊಂಡು ಹೀಗೇ ನಿಲ್ಲುತ್ತಿದ್ದವು. ಇದನ್ನು ಹಾಲಮ್ಮನವರಿಗೆ ಹೇಳಿ, ಸಾಹೇಬರಿಗೆ ನಾವೇ ಬೇಕೆಂದು ಪರೀಕ್ಷೆಗಾಗಿ ಆರಿಸಿದ್ದು ಎಂದುಬಿಡೋಣ ಎಂದೆ. ಅವರು ಒಪ್ಪಲಿಲ್ಲ. ಸಂಜೆ ತಾವೇ ದಾವಣಗೆರೆಗೆ ಫೋನ್ ಮಾಡಿ, ಪೂಜೆಗೆಂದು ಆರಿಸಿದೆ, ಊರು ನಿಂತಿತು, ತಪ್ಪು ನನ್ನದು ಎಂದು ಹೇಳಿದರು. ಸಾಹೇಬರು ದಸರಾ ಕಳೆದ ಮೇಲೆ ಬಂದು ಪೆಟ್ಟಿಗೆ ಬಿಚ್ಚಿಸುತ್ತೇನೆ ಎಂದರು. ಹಾಲಮ್ಮನವರು ಫೋನಿಟ್ಟು, ಹೂವಿನ ಹಾರ ಬಾಡಿದ್ದನ್ನು ತೆಗೆದು, ಏನೂ ಆಗದವರಂತೆ ಮನೆಗೆ ಹೋದರು. ಬಾಷಾ ಸಾಬರು ಅವತ್ತು ಚಹಾ ಕುಡಿಯಲಿಲ್ಲ.

ನನಗೆ ಸೋಲು ಸಹಿಸುವ ಸ್ವಭಾವವಿಲ್ಲ. ಪರೀಕ್ಷೆಯ ಆ ಪ್ರೋಗ್ರಾಂ ಬೀಗದೊಳಗಿನದಲ್ಲ. ಅದರ ಪ್ರತಿ ಸಾಲೂ ನನ್ನ ಎದುರಿಗಿತ್ತು. ಎಲ್ಲಿ ನಿಲ್ಲುತ್ತದೆ, ಯಾಕೆ ನಿಲ್ಲುತ್ತದೆ ಎಂದು ಬೆರಳಿಟ್ಟು ತೋರಿಸಬಹುದಿತ್ತು. ಹುಡುಕಿದರೆ, ನಾನು ನೋಡಿಲ್ಲದ ಒಂದು ಚಳಿಯ ದೇಶದಲ್ಲಿ ಒಬ್ಬಾತ ಇದೇ ತೊಂದರೆಯಲ್ಲಿ ಬಿದ್ದು, ಅರ್ಧ ದಾರಿ ಸರಿಮಾಡಿ ಎಲ್ಲರಿಗೂ ಕಾಣುವಂತೆ ಬರೆದಿಟ್ಟಿದ್ದ. ಅವನಿಗೆ ಬರೆದೆ, ಮರುದಿನವೇ ಉತ್ತರ ಬಂತು. ಇಬ್ಬರೂ ಸೇರಿ ಉಳಿದರ್ಧ ಮುಗಿಸಿದೆವು. ಗಡಿಯಾರ ತೋರಿಸುವ ಕಾಲವು ಈ ಪ್ರೋಗ್ರಾಂ ಹುಟ್ಟುವುದಕ್ಕಿಂತ ಹಿಂದಿನದಾಗಿದ್ದರೆ ಆ ಗಡಿಯಾರವನ್ನು ನಂಬಬೇಡ, ಯಾರನ್ನೂ ಕೇಳದೆ ಮುಂದೆ ನಡೆ ಎಂದು ತಿದ್ದಿದೆವು. ದೀಪವನ್ನೂ ಬಿಡಲಿಲ್ಲ. ಕಾರ್ಡು ಎದ್ದು ಕರೆ ಸಾಗಿಸಲು ಸಿದ್ಧವಾದ ಮೇಲಷ್ಟೇ ಹಸಿರು ಬರುವಂತೆ ಮಾಡಿದೆ. ಚನ್ನಗಿರಿ, ಹೊನ್ನಾಳಿ, ಜಗಳೂರು ಸುತ್ತಿ ಎಲ್ಲ ಪೆಟ್ಟಿಗೆಗೂ ಅದನ್ನು ಹಾಕಿ, ಹೊಸ ಸೆಲ್ಲೂ ಹಾಕಿ ಬಂದೆ. ನ್ಯಾಮತಿಯಲ್ಲೂ ತಿದ್ದಿದ ಪ್ರೋಗ್ರಾಂ ಹಾಕಿದೆ, ಹೊಸ ಸೆಲ್ಲು ಹಾಕಲು ಮಾತ್ರ ಹಾಲಮ್ಮನವರು ಬಿಡಲಿಲ್ಲ. ಸಾಹೇಬರು ಬಂದು ಹೋಗಲಿ ಎಂದರು.

ಚಿತ್ತಾ ಮಳೆ ತುಂತುರಾಗಿ ಬೀಳುತ್ತಿದ್ದ ಒಂದು ಬೆಳಿಗ್ಗೆ ಸಾಹೇಬರು ಬಂದರು, ಜೊತೆಗೆ ಬಿಚ್ಚುವವರನ್ನೂ ಕರೆತಂದಿದ್ದರು. ಹಾಲಮ್ಮನವರು ಕುರ್ಚಿ ಹಾಕಿ ಕೂರಿಸಿ, ಹತ್ತು ನಿಮಿಷ ಫೋನ್ ನಿಲ್ಲುತ್ತದೆ ಎಂದು ಪೇಟೆಗೆಲ್ಲ ಮೊದಲೇ ತಿಳಿಸಿದ್ದೇನೆ ಎಂದರು. ಯಾಕೆಂದು ಅವರು ಕೇಳುವುದರೊಳಗೆ ಎರಡೂ ಕಾರ್ಡನ್ನು, ಬ್ಯಾಟರಿಯ ಸ್ವಿಚ್ಚನ್ನು ಕೂಡ ಆರಿಸಿದರು. ಕೋಣೆಯಲ್ಲಿ ಫ್ಯಾನುಗಳು ನಿಂತು, ಅಷ್ಟು ತಿಂಗಳಲ್ಲಿ ಮೊದಲ ಬಾರಿಗೆ ನಮಗೆ ಹೊರಗಿನ ಮಳೆಯ ಸದ್ದು ಕೇಳಿಸಿತು. ಸಾಹೇಬರು ಎದ್ದು ನಿಂತರು. ಒಳಗಿನ ಗುಂಡಿ ಸೆಲ್ಲು ಇನ್ನೂ ಸತ್ತದ್ದೇ ಇತ್ತು; ಹಾಲಮ್ಮನವರು ಮತ್ತೆ ಎಲ್ಲವನ್ನೂ ಹಚ್ಚಿ, ಸೆರಗು ಹೊದ್ದು ಪಕ್ಕಕ್ಕೆ ಸರಿದರು.

ದೀಪ ಬರಲಿಲ್ಲ. ಕಾರ್ಡು ಪೂರ್ತಿ ಏಳುವ ತನಕ ಬರಬಾರದು ಎಂದು ನಾನೇ ಮಾಡಿದ್ದರೂ ದೀಪದ ಮೇಲಿಂದ ಕಣ್ಣು ಕೀಳಲಿಲ್ಲ. ಸಾಹೇಬರು, ಹಸಿರೂ ಇಲ್ಲವಲ್ಲಮ್ಮ ಈಗ ಎಂದರು. ಬಾಷಾ ಸಾಬರು ಕಣ್ಣು ಮುಚ್ಚಿಕೊಂಡು ತುಟಿ ಅಲ್ಲಾಡಿಸುತ್ತಿದ್ದರು. ಹಾಲಮ್ಮನವರು ಶಾಂತವಾಗಿ ಮಾತಾಡಿದರು. “ಹಳೇದು ನಿಂತ್ರೆ ಯಾಕ್ ನಿಂತೈತೆ ಅಂತ ಹೇಳಾಕೆ ಲೋಕದಾಗೆ ಒಬ್ರೂ ಇರ್ಲಿಲ್ಲ ಸರ್. ಇದು ಯಾಕ್ ನಿಂತಿತ್ತು ಅಂತ ಅವತ್ತೇ ಗೊತ್ತಾತು. ನಾನು ಕೆಡಿಸಿದ್ದಕ್ಕೆ ನಾಲ್ಕೂ ಊರಿಂದು ವಾಸಿ ಆತು. ಈಗ್ಲೂ ಬಿಚ್ಚಿಸ್ತೀನಿ ಅಂದ್ರೆ ಬಿಚ್ಚಿಸ್ರಿ.”

ಆಗ ಒಂದು ಹಸಿರು ಬಂತು. ಸ್ವಲ್ಪ ಹೊತ್ತಿಗೆ ಇನ್ನೊಂದು. ಮೇಜಿನ ಮೇಲಿನ ಫೋನು ಹೊಡೆದುಕೊಂಡಿತು. ಹತ್ತಿರವಿದ್ದ ಸಾಹೇಬರೇ ಎತ್ತಿದರು. ಮೆಕ್ಕೆಜೋಳದ ವ್ಯಾಪಾರಿಯೊಬ್ಬ, ಬಂತಾ, ಸರಿ ಇಡ್ರಿ ಎಂದು ಇಟ್ಟುಬಿಟ್ಟ. ಸಾಹೇಬರು ಕೈಯಲ್ಲಿದ್ದ ರಿಸೀವರನ್ನು ನೋಡಿ ನಕ್ಕರು. ಬಿಚ್ಚಲು ಬಂದವರಿಗೆ ಚಹಾ ಕೊಡಿಸಿ ವಾಪಸು ಕಳಿಸಲಾಯಿತು. ಹಾಲಮ್ಮನವರು ಬ್ಯಾಟರಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತರು. ನಮಗೆ ಕೇಳಿಸುತ್ತದೆಂದು ಅವರಿಗೆ ಗೊತ್ತಿರಲಿಲ್ಲ.

ಆ ತಿದ್ದುಪಡಿಯನ್ನು ಲೋಕಕ್ಕೆಲ್ಲ ಕಳಿಸುವ ಕೆಲಸ ಉಳಿದಿತ್ತು. ಹಾಗೆ ಕಳಿಸುವವರಲ್ಲಿ ಒಂದು ಪದ್ಧತಿ ಇದೆ. ತಿದ್ದಿದವರ ಹೆಸರಿನ ಕೆಳಗೆ, ಆ ದೋಷ ಯಾರಿಂದ ತಿಳಿಯಿತೋ ಅವರ ಹೆಸರನ್ನೂ ಹಾಕಬೇಕು. ನಾನು ಹಾಲಮ್ಮ, ನ್ಯಾಮತಿ ಎಂದು ಬರೆದು ಅವರಿಗೆ ತೋರಿಸಿದೆ. ಅವರಿಗೆ ಗಾಬರಿಯಾಯಿತು. ಮಾಡಿದ ತಪ್ಪನ್ನು ದೇಶವಿದೇಶಕ್ಕೆ ಡಂಗುರ ಹೊಡೆಯುತ್ತೀಯಾ, ಅಳಿಸು ಎಂದರು. ಇದು ತಪ್ಪು ಮಾಡಿದವರ ಹೆಸರಲ್ಲ, ತಪ್ಪು ತೋರಿಸಿದವರ ಹೆಸರು ಎಂದು ನಾನು ಹೇಳಿದ ಮೇಲೆ ಪರದೆಯ ಹತ್ತಿರಕ್ಕೆ ಬಾಗಿದರು. ಬೆರಳಿನಿಂದ ಅಕ್ಷರಗಳನ್ನು ಮುಟ್ಟಿ, ಇರಲಿ ಬಿಡು ಎಂದರು.

ಮಳೆ ನಿಂತಿತು, ನಾನು ದಾವಣಗೆರೆಗೆ ಮರಳಿದೆ. ಆ ಕಂಪನಿ ಕೆಲವು ವರ್ಷಗಳಲ್ಲಿ ಮುಚ್ಚಿತು. ಪೆಟ್ಟಿಗೆಗಳು ಗುಜರಿಗೆ ಹೋಗಿರಬೇಕು, ಎಕ್ಸ್‌ಚೇಂಜಿನ ಜಾಗದಲ್ಲಿ ಈಗ ಗೊಬ್ಬರದ ಅಂಗಡಿ ಇದೆ. ಹಾಲಮ್ಮನವರು ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ಬಹಳ ತಡವಾಗಿ. ಹೋಗಿ ಮಾತಾಡಿಸಬೇಕು ಅಂದುಕೊಳ್ಳುತ್ತಲೇ ವರ್ಷಗಳನ್ನು ಕಳೆದದ್ದು ಈಗಲೂ ಚುಚ್ಚುತ್ತದೆ.

ಈ ಸಲ ಮಂಡಕ್ಕಿ ತಿಂದವಳು ನೆಂಟರ ಮನೆಗೆ ಹೋಗದೆ ಅವರ ಮನೆ ಹುಡುಕಿಕೊಂಡು ಹೋದೆ. ಅವರ ತಂಗಿಯ ಮಗಳು ಇದ್ದಳು, ಶಾಲೆಯಲ್ಲಿ ಟೀಚರು. ನಾನು ಫೋನಿನಲ್ಲಿ ಆ ತಿದ್ದುಪಡಿಯನ್ನು ಹುಡುಕಿ ತೆಗೆದು ಅವಳ ಕೈಗೆ ಕೊಟ್ಟೆ. ಲೋಕದ ಎಷ್ಟೋ ಯಂತ್ರಗಳು ಈಗಲೂ ಬಳಸುವ ಆ ಪ್ರೋಗ್ರಾಮಿನಲ್ಲಿ, ಯಾವ್ಯಾವುದೋ ದೇಶದವರ ಹೆಸರುಗಳ ನಡುವೆ ಆ ಸಾಲು ಹಾಗೇ ಇತ್ತು. ಅವಳು ಒಂದೊಂದೇ ಅಕ್ಷರ ಓದಿ ತಲೆ ಎತ್ತಿದಳು.

“ಇದ್ರಾಗೆ ನಮ್ ದೊಡ್ಡಮ್ಮನ ಹೆಸ್ರು ಯಾಕೈತೆ? ಏನ್ ಮಾಡಿದ್ರು ಅವ್ರು?”

ನಾನು ಹೇಳಿದೆ: “ಒಂದು ಸಲ ನಿಲ್ಲಿಸಿದ್ರು. ಆಮೇಲೆ ಅದು ಎಲ್ಲೂ ನಿಲ್ಲಲಿಲ್ಲ.”